ಹಳೆಯ ಜೋಡು

ಅನ್ಯರು ಮೆಟ್ಟಿದ ಪಾದರಕ್ಷೆಗಳನ್ನು ಧರಿಸಕೂಡದೆಂದು ಮನುಸ್ಮೃತಿಯಲ್ಲಿಯೇ ಹೇಳಿದೆ. ಇದನ್ನು ತಿಳಿದಿದ್ದೂ ನಾವು ಈಚೆಗೆ ಒಂದು ಭಾನುವಾರ ಬೆಳಗ್ಗೆ ಚಾಮರಾಜಪೇಟೆಯ ನಮ್ಮ ಮನೆಯಿಂದ ಹೊರಟು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನೆರೆಯುವ ಹಳೆಯ ಸಾಮಾನುಗಳ ಸಂತೆಗೆ ಹೋಗಿ, ಯಾರೋ ಮೆಟ್ಟಿ ಬಿಟ್ಟಿದ್ದ ಒಂದು ಜೊತೆ ಕಪ್ಪು ಜೋಡನ್ನು ಕೊಂಡು ತಂದೆವು. ಈ ಅವಿವೇಕದ ಕಾರಣವನ್ನು ವಾಚಕರಿಗೆ ಅರಿಕೆ ಮಾಡಿಕೊಳ್ಳಬೇಕು.

ನಮ್ಮ ತೀರ್ಥರೂಪರು ಮೊದಲು ಅಠಾರಾ ಕಚೇರಿಯಲ್ಲಿಯೂ, 1956ರಲ್ಲಿ ವಿಧಾನಸೌಧದ ಕಟ್ಟಡ ಮುಗಿದ ತರುವಾಯ ಅಲ್ಲಿಯೂ ಗುಮಾಸ್ತರಾಗಿದ್ದರು. ಕಚ್ಚೆಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಜರಿಯಂಚಿನ ಪೇಟ, ಕಪ್ಪು ಜೋಡು—ಇದು ಅವರ ವೇಷ. ಅವರು 1984ರಲ್ಲಿ ತೀರಿಕೊಂಡಾಗ ಉತ್ತರಕ್ರಿಯೆಯಲ್ಲಿ ಹೊಸ ಕೊಡೆಯನ್ನೂ ಹೊಸ ಪಾದರಕ್ಷೆಗಳನ್ನೂ ತಂದು ದಾನಮಾಡಿದೆವು. ಅವರ ಸ್ವಂತ ಜೋಡನ್ನು ಮಾತ್ರ ಹಳೆಯ ಕಾಗದ ಕೊಳ್ಳುವವನ ಗಾಡಿಗೆ ಹಾಕಿಬಿಟ್ಟೆವು. ಆಗ ಅದು ಏನೂ ಅನ್ನಿಸಲಿಲ್ಲ. ಈಗ ಮೊಮ್ಮಗಳ ಮದುವೆ ಗೊತ್ತಾದಾಗ, ಛತ್ರದ ಬಾಗಿಲಲ್ಲಿ ಅದೇ ವೇಷದಿಂದ ನಿಂತು ಬಂದವರನ್ನು ಎದುರುಗೊಳ್ಳಬೇಕೆಂಬ ಆಸೆ ನಮ್ಮನ್ನು ಹಿಡಿಯಿತು.

ಪೇಟ ಪೆಟ್ಟಿಗೆಯಲ್ಲಿತ್ತು. ಕಟ್ಟಿಟ್ಟ ಪೇಟ ತಲೆಗೆ ತಕ್ಕಂತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಮ್ಮ ತಲೆ ಚಿಕ್ಕದಾದುದರಿಂದ ಒಳಗೆ ಒಂದು ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಹೊಲಿಸಿದ್ದೇ ಸಾಕಾಯಿತು. ಕಾಲಿನ ವಿಷಯ ಅಷ್ಟು ಸುಲಭವಲ್ಲ.

“ನಿಮ್ದು ಏಳಲ್ವಾ ಸಾರ್? ಇದೂ ಏಳೇ,” ಎಂದನು ಸಂತೆಯ ವ್ಯಾಪಾರಿ. ನಾವು ಅಂಕಿಯನ್ನು ನಂಬಿದೆವು. ಇಂಗ್ಲಿಷರ ಅಳತೆಯಲ್ಲಿ ಒಂದು ಅಂಕಿಗೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರನೆಯ ಒಂದು ಪಾಲು, ಎಂದರೆ ಒಂದು ಜವೆಗೋಧಿಯ ಕಾಳಿನ ಉದ್ದ. ಆದರೆ ಆ ಅಂಕಿ ಹೇಳುವುದು ಉದ್ದವನ್ನು. ಪಾದದ ಅಗಲವನ್ನಾಗಲಿ, ಮೇಲುಗಾಲಿನ ಎತ್ತರವನ್ನಾಗಲಿ ಅದು ಹೇಳುವುದಿಲ್ಲ. ಹಳೆಯ ಜೋಡಿಗಂತೂ ಯಾರೂ ಮುದ್ರೆಯೊತ್ತದ ಇನ್ನೊಂದು ಅಳತೆಯುಂಟು. ಒಳಗೆ ಕೈಯಿಟ್ಟರೆ ಮೊದಲಿನವನ ಹಿಮ್ಮಡಿ ಒತ್ತಿದ ಗುಳಿ, ಐದು ಬೆರಳುಗಳ ತಗ್ಗು, ಎಲ್ಲವೂ ಸಿಕ್ಕುತ್ತವೆ.

ಇನ್ನೊಂದು ತಪ್ಪು, ನಾವು ಬೆಳಗ್ಗೆ ಕೊಂಡದ್ದು. ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ತುಸು ಊದಿಕೊಳ್ಳುತ್ತದೆ. ಜೋಡು ಕೊಳ್ಳುವವರು ಸಂಜೆ ಕೊಳ್ಳಬೇಕು. ಹಳೆಯ ಸಂತೆಯೋ ಬೆಳಗಿನದು! ಅಲ್ಲಿ ನಾಲ್ಕು ಹೆಜ್ಜೆ ನಡೆದಾಗ ಹಿತವಾಗಿದ್ದ ಜೋಡು, ಸಂಜೆ ಗಾಂಧಿಬಜಾರನ್ನು ಮುಟ್ಟುವಷ್ಟರಲ್ಲಿ ಎಡಗಾಲಿನ ಕಿರುಬೆರಳನ್ನು ಸುಲಿದುಬಿಟ್ಟಿತು.

“ಯಾರ ಕಾಲಿನದೋ ಏನೋ. ಅದನ್ನ ಹೊಸ್ತಿಲಿನಿಂದ ಆಚೆಯೇ ಇಡಿ ಅಂದಿದ್ದೆ,” ಎಂದರು ನಮ್ಮ ಮನೆಯವರು. ಸ್ನೇಹಿತರೊಬ್ಬರು, “ಅಥಣಿಯ ಚಪ್ಪಲಿ ತರಿಸಬಾರದಾಗಿತ್ತೆ?” ಎಂದರು. ಅವರ ಮಾತು ನ್ಯಾಯವೇ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಮರದ ತೊಗಟೆಯಿಂದ ಹದಮಾಡಿ, ಮೊಳೆಯಿಲ್ಲದೆ ಹೊಲಿದ ಆ ತೊಗಲು ಮೊದಮೊದಲು ಬಿಗಿಯಾಗಿದ್ದು, ಮೆಟ್ಟಿದಂತೆಲ್ಲ ಮೆಟ್ಟಿದವನ ಪಾದಕ್ಕೇ ಒಗ್ಗುತ್ತದೆ. ಆದರೆ ನಮ್ಮ ತಂದೆಯವರು ಚಪ್ಪಲಿ ಮೆಟ್ಟಿ ಕಚೇರಿಗೆ ಹೋದವರಲ್ಲ.

ಗಾಂಧಿಬಜಾರಿನ ಬೀದಿಯಂಚಿನಲ್ಲಿ ಕುಳಿತು ಜೋಡು ಹೊಲಿಯುವ ಮುದುಕರೊಬ್ಬರಿಗೆ ಅದನ್ನು ತೋರಿಸಿದೆವು. ಅವರು ಮೊದಲು ಒಳಗೆ ಬೆರಳಾಡಿಸಿ ಮೊಳೆಯ ತುದಿ ಎದ್ದಿದೆಯೇ ಎಂದು ನೋಡಿದರು. ತರುವಾಯ ಬೆರಳುಗಳ ಬುಡ ಬರುವ ಕಡೆ ಜೋಡನ್ನು ಬಗ್ಗಿಸಿ ಬಿರುಕು ಹುಡುಕಿದರು. “ತೊಗಲು ಒಣಗಿದೆ, ಸತ್ತಿಲ್ಲ ಸ್ವಾಮಿ. ಅಟ್ಟೆಯೂ ತೊಗಲಿನದೇ, ಸವೆದರೆ ಬೇರೆ ಹಾಕಬಹುದು,” ಎಂದರು. ಈಗಿನ ಹಗುರವಾದ ಸ್ಪಂಜಿನಂಥ ಅಟ್ಟೆಗಳಾದರೆ ಎಷ್ಟೋ ವೇಳೆ ಮೆಟ್ಟದೆ ಇಟ್ಟಲ್ಲಿಯೇ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತವೆ. “ಅಗಲ ಬಿಡಿಸಿಕೊಡ್ತೀನಿ. ಉದ್ದ ಮಾತ್ರ ಬರೋದಿಲ್ಲ.”

ಎಣ್ಣೆ ಹಚ್ಚಿ, ಮರದ ಅಚ್ಚು ಬಡಿದು ನಾಲ್ಕು ದಿನ ಇಟ್ಟುಕೊಳ್ಳುವುದೆಂದಾಯಿತು. ಅದಕ್ಕೆ ಮೊದಲು ನಮ್ಮನ್ನು ಒಂದು ಕಾಗದದ ಮೇಲೆ ನಿಲ್ಲಿಸಿದರು. ಭಾರ ಬಿಟ್ಟು ನಿಂತಾಗ ಪಾದ ಹರಡಿಕೊಳ್ಳುವುದರಿಂದ ಕುಳಿತು ಕೊಟ್ಟ ಅಳತೆ ಸಲ್ಲದಂತೆ. ಎರಡು ಪಾದಗಳ ಸುತ್ತಲೂ ಪೆನ್ಸಿಲಿನಿಂದ ಗೆರೆಯೆಳೆದು ನೋಡಿದರೆ ನಮ್ಮ ಎಡಪಾದ ಬಲಪಾದಕ್ಕಿಂತ ಹೆಚ್ಚು ಕಡಿಮೆ ಕಾಲಂಗುಲ ಉದ್ದ! ಇಷ್ಟು ವರ್ಷ ಇದು ನಮಗೇ ತಿಳಿಯದು. “ದೊಡ್ಡ ಕಾಲಿಗೆ ಸರಿಮಾಡಬೇಕು ಸ್ವಾಮಿ. ಬಲಗಡೇದಕ್ಕೆ ತುದೀಲಿ ಒಂದಿಷ್ಟು ಹತ್ತಿ ಇಟ್ಕೊಳ್ಳಿ,” ಎಂದರು.

ಹತ್ತಿಯೆಂದೊಡನೆ ನಾವು ಆ ಕಾಗದದ ಮೇಲೆಯೇ ನಿಂತುಬಿಟ್ಟೆವು. ನಮ್ಮ ತಂದೆಯವರು ದಿನವೂ ಕಚೇರಿಗೆ ಹೊರಡುವ ಮುನ್ನ ದೇವರ ಮನೆಯ ಬತ್ತಿಯ ಬುಟ್ಟಿಯಿಂದ ಒಂದು ಚೂರು ಹತ್ತಿಯನ್ನು ಕದ್ದು, ಉಂಡೆಮಾಡಿ, ಬಲಗಾಲಿನ ಜೋಡಿಗೆ ತುರುಕುತ್ತಿದ್ದರು. ದೀಪದ ಹತ್ತಿಯನ್ನು ಜೋಡಿಗೆ ಹಾಕುವುದೇ ಎಂದು ನಮ್ಮ ತಾಯಿಯವರು ಗದರುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು; ಏತಕ್ಕೆಂದು ಒಬ್ಬರೂ ಕೇಳಲಿಲ್ಲ.

ಮದುವೆಯ ದಿನ ಹೊರಡುವಾಗ ನಾವು ಬತ್ತಿಯ ಬುಟ್ಟಿಯ ಕಡೆಗೆ ಕೈನೀಡಿದುದನ್ನು ನಮ್ಮ ಮನೆಯವರು ಕಂಡರು. ಗದರಲಿಲ್ಲ. ಔಷಧದ ಪೆಟ್ಟಿಗೆಯಿಂದ ಬೇರೆ ಹತ್ತಿಯನ್ನು ತಂದು ಕೈಯಲ್ಲಿಟ್ಟು, “ಬೇಗ ಬನ್ನಿ, ಗಾಡಿ ಕಾಯುತ್ತಿದೆ,” ಎಂದರು.