ಇನ್ನೂ ಬಾರದ ಬೆಳಕಿನ ಲೆಕ್ಕ

ಹೊಸ ವಿದ್ಯೆಯೊಂದು ಪ್ರಯೋಗಶಾಲೆಯಲ್ಲಿ ಕಣ್ತೆರೆದ ದಿನಕ್ಕೂ ಅದು ಜನಸಾಮಾನ್ಯರ ಮನೆಯ ಹೊಸ್ತಿಲನ್ನು ದಾಟುವ ದಿನಕ್ಕೂ ನಡುವೆ ಎಷ್ಟು ಅಂತರವಿದೆಯೆಂದು ಮೊದಲೇ ಅಳೆದು ಹೇಳುವ ಮಾನದಂಡ ಯಾರ ಬಳಿಯೂ ಇಲ್ಲ. ಆದರೂ ಆ ಅಂತರವನ್ನು ಕುರಿತು ಮಕ್ಕಳು ಕೇಳುತ್ತಾರೆ. ಶಿಕ್ಷಕನಾದವನು ಉತ್ತರ ಕೊಡಬೇಕಾಗುತ್ತದೆ. ಹಾಗೆ ಕೊಟ್ಟ ಉತ್ತರವೊಂದು ಎಷ್ಟು ಕಾಲ ಬದುಕಿರಬಲ್ಲದೆಂಬುದನ್ನು ಹಳ್ಳಿಯ ಪ್ರೌಢಶಾಲೆಯೊಂದರ ನಿವೃತ್ತ ವಿಜ್ಞಾನ ಗುರುಗಳು ತಮ್ಮ ಎಂಬತ್ತರ ಅಂಚಿನಲ್ಲಿ ಕಂಡುಕೊಂಡರು.

1972ರಲ್ಲಿ ಅವರು ಇಪ್ಪತ್ತೇಳರ ತರುಣ. ಹತ್ತನೆಯ ತರಗತಿಗೆ ಸೂರ್ಯನ ಪಾಠ ನಡೆದಿತ್ತು. ಜಲಜನಕದ ಪರಮಾಣು ಬೀಜಗಳು ಒಂದುಗೂಡಿ ಹೀಲಿಯಮ್ ಆಗುವಾಗ ಅಲ್ಪ ದ್ರವ್ಯವು ಅಳಿದು ಅಪಾರ ಶಕ್ತಿ ಹೊಮ್ಮುವುದೆಂದೂ, ಇದೇ ಬೈಜಿಕ ಸಮ್ಮಿಲನವೆಂದೂ, ಇದನ್ನು ಭೂಮಿಯ ಮೇಲೆ ಪಳಗಿಸಿದರೆ ಕಡಲ ನೀರಿನಲ್ಲಿರುವ ಭಾರಜಲಜನಕವೇ ಉರುವಲಾಗುವುದೆಂದೂ ಅವರು ವಿವರಿಸಿದರು. ‘ಅದು ನಮ್ಮೂರಿಗೆ ಎಂದು ಬರುತ್ತದೆ?’ ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ.

ಗುರುಗಳ ಬಳಿ ದೊಡ್ಡ ಆಧಾರವೇ ಇತ್ತು. 1955ರ ಆಗಸ್ಟ್ ತಿಂಗಳಲ್ಲಿ ವಿಶ್ವಸಂಸ್ಥೆಯು ಜಿನೀವಾದಲ್ಲಿ ಕರೆದಿದ್ದ ಪರಮಾಣು ಶಕ್ತಿಯ ಶಾಂತಿಯುತ ಬಳಕೆಯ ಮೊದಲ ಸಮ್ಮೇಳನದ ಅಧ್ಯಕ್ಷಪೀಠದಿಂದ ಹೋಮಿ ಭಾಭಾ ಅವರು, ಇನ್ನೆರಡು ದಶಕಗಳೊಳಗೆ ಈ ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ವಿಧಾನ ದೊರೆಯುವುದೆಂಬ ಭವಿಷ್ಯ ನುಡಿದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲವು ಕಾಲ ದುಡಿದಿದ್ದ ಆ ಮಹನೀಯರ ಮಾತಿನಲ್ಲಿ ಗುರುಗಳಿಗೆ ಪೂರ್ಣ ವಿಶ್ವಾಸವಿತ್ತು. ಎರಡು ದಶಕ ತುಂಬಲು ಮೂರೇ ವರ್ಷ ಉಳಿದಿದ್ದವು. ಆದರೂ ಎಚ್ಚರಿಕೆಗೆಂದು ಅವಧಿಯನ್ನು ತುಸು ಹಿಗ್ಗಿಸಿ, ‘ನಿಮ್ಮ ಮಕ್ಕಳು ಈ ಶಾಲೆಗೆ ಬರುವ ಹೊತ್ತಿಗೆ’ ಎಂದರು.

ಮಕ್ಕಳು ಬಂದರು, ಮೊಮ್ಮಕ್ಕಳೂ ಬಂದರು. 2024ರ ಡಿಸೆಂಬರಿನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿದಾಗ, ಅದೇ ಹಿಂದಿನ ಸಾಲಿನ ಹುಡುಗ, ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತನಾದವನು, ಪಾದ ಮುಟ್ಟಿ ನಮಸ್ಕರಿಸಿ ನಗುತ್ತ ಕೇಳಿದ: ‘ಗುರುಗಳೇ, ನೀವು ಹೇಳಿದ ಸೂರ್ಯ ನಾನು ಎಳೆದ ತಂತಿಗೆ ಬರಲೇ ಇಲ್ಲವಲ್ಲ!’ ಎಲ್ಲರೂ ನಕ್ಕರು. ಗುರುಗಳು ಮಾತ್ರ ನಗಲಿಲ್ಲ. ಇಪ್ಪತ್ತು ವರ್ಷವೆಂಬ ಆ ಮಾತನ್ನು ಅವರು ಆ ಒಂದು ತರಗತಿಗಲ್ಲ, ಸೇವೆಯುದ್ದಕ್ಕೂ ಹಲವು ತರಗತಿಗಳಿಗೆ ಹೇಳಿದ್ದರು.

ಮರುದಿನ ಮುಖ್ಯೋಪಾಧ್ಯಾಯರನ್ನು ಕಂಡು ಹತ್ತನೆಯ ತರಗತಿಯ ಒಂದು ಅವಧಿಯನ್ನು ಕೇಳಿ ಪಡೆದರು. ಹಳೆಯ ಶಿಷ್ಯನನ್ನೂ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಪಾಠ ಮೊದಲಾದುದು ಕಷ್ಟಗಳಿಂದ. ಬೀಜಗಳೆರಡೂ ಧನ ವಿದ್ಯುದಂಶವುಳ್ಳವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಸೂರ್ಯನು ತನ್ನ ಗುರುತ್ವದ ಒತ್ತಡದಿಂದ ಸುಮಾರು ಒಂದೂವರೆ ಕೋಟಿ ಡಿಗ್ರಿ ಉಷ್ಣಮಾನದಲ್ಲಿ ಅವನ್ನು ಕೂಡಿಸುತ್ತಾನೆ. ಆ ಒತ್ತಡವಿಲ್ಲದ ಮನುಷ್ಯನಿಗೆ ಹದಿನೈದು ಕೋಟಿ ಡಿಗ್ರಿ ಬೇಕು. ಆ ಬೆಂಕಿಯನ್ನು ಹಿಡಿದಿಡುವ ಪಾತ್ರೆ ಲೋಕದಲ್ಲಿಲ್ಲವಾದ್ದರಿಂದ, ಗೋಡೆಗೆ ತಾಗದಂತೆ ಅದನ್ನು ಬಳೆಯಾಕಾರದ ಕಾಂತಕ್ಷೇತ್ರದಲ್ಲಿ ತೇಲಿಸುತ್ತಾರೆ. 1950ರ ಸುಮಾರಿಗೆ ರಷ್ಯದ ಸಖರೋವ್ ಮತ್ತು ಟಾಮ್ ಚಿಂತಿಸಿದ ಈ ಉಪಕರಣವೇ ಟೋಕಮಾಕ್. ಆದರೆ ಕಾದ ಅನಿಲವು ಸುಳಿಸುಳಿಯಾಗಿ ಕಾಂತದ ಬೇಲಿಯನ್ನು ನುಸುಳುತ್ತದೆ. ಹೊಮ್ಮುವ ನ್ಯೂಟ್ರಾನುಗಳು ಗೋಡೆಯ ಲೋಹವನ್ನು ಕೆಡಿಸುತ್ತವೆ. ಉರುವಲಿನ ಅರ್ಧಭಾಗವಾದ ಟ್ರಿಟಿಯಮ್ ನಿಸರ್ಗದಲ್ಲಿ ಬಹು ವಿರಳವಾಗಿ, ಲಿಥಿಯಮ್ಮಿನಿಂದ ಅದನ್ನು ಸಿದ್ಧಗೊಳಿಸಬೇಕಾಗುತ್ತದೆ.

ಅನಂತರ ಗಳಿಕೆಯ ಲೆಕ್ಕ. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯದ ಲಿವರ್ಮೋರ್ ಪ್ರಯೋಗಾಲಯದಲ್ಲಿ ಗುಂಡುಸೂಜಿಯ ತಲೆಯಂಥ ಉರುವಲಿನ ಗುಳಿಗೆಯನ್ನು ಗುರಿಯಾಗಿಸಿ 2.05 ಮೆಗಾಜೂಲ್ ಲೇಸರ್ ಶಕ್ತಿಯನ್ನು ಹಾಯಿಸಿದಾಗ 3.15 ಮೆಗಾಜೂಲ್ ಹೊರಬಂದಿತು. ಕೊಟ್ಟುದಕ್ಕಿಂತ ಹೆಚ್ಚು ಬಂದುದು ಅದೇ ಮೊದಲು. ಆದರೆ ಆ ಲೇಸರನ್ನು ಹೊತ್ತಿಸಲು ತಂತಿಯಿಂದ ಪಡೆದುದು ಸುಮಾರು 300 ಮೆಗಾಜೂಲ್. ‘ಎರಡು ಸೇರು ಬಿತ್ತಿ ಮೂರು ಸೇರು ಬೆಳೆದೆವು, ಸರಿಯಷ್ಟೆ, ಆದರೆ ಬೀಜವನ್ನು ಹೊಲ ಮುಟ್ಟಿಸಲು ಮುನ್ನೂರು ಸೇರು ಖರ್ಚಾಯಿತು’ ಎಂದರು ಗುರುಗಳು. ಇಂಗ್ಲೆಂಡಿನ ಕಲ್ಹ್ಯಾಮ್‌ನಲ್ಲಿದ್ದ ಜೆಟ್ ಟೋಕಮಾಕ್ 2023ರಲ್ಲಿ, ತಾನು ಶಾಶ್ವತವಾಗಿ ಆರುವ ಮುನ್ನ, ಐದಾರು ಸೆಕೆಂಡುಗಳಲ್ಲಿ 69 ಮೆಗಾಜೂಲ್ ಶಕ್ತಿಯನ್ನು ಹೊಮ್ಮಿಸಿ ದಾಖಲೆ ನಿರ್ಮಿಸಿತು.

‘ನಿಮ್ಮ ಮೀಟರಿನ ಭಾಷೆಯಲ್ಲಿ ಅದೆಷ್ಟು?’ ಎಂದು ಹಿಂದಿನ ಸಾಲಿನತ್ತ ನೋಡಿದರು. ಒಂದು ಯುನಿಟ್ಟಿಗೆ 36 ಲಕ್ಷ ಜೂಲ್. ನಿವೃತ್ತ ಶಿಷ್ಯ ಬೆರಳೆಣಿಸಿ, ‘ಹತ್ತೊಂಬತ್ತು ಯುನಿಟ್ಟು, ಗುರುಗಳೇ’ ಎಂದ. ‘ಅದೂ ವಿದ್ಯುತ್ತಾಗಿ ಅಲ್ಲ, ಬರಿಯ ಶಾಖವಾಗಿ’ ಎಂದು ಗುರುಗಳು ಸೇರಿಸಿದರು. ಅರ್ಧ ಶತಮಾನದ ಭರವಸೆ ಕಪ್ಪುಹಲಗೆಯ ಮೇಲೆ ಎರಡಂಕಿಯಲ್ಲಿ ನಿಂತಿತ್ತು.

ಫ್ರಾನ್ಸಿನ ದಕ್ಷಿಣಭಾಗದಲ್ಲಿ ಭಾರತವೂ ಸೇರಿದಂತೆ ಮೂವತ್ತಕ್ಕೂ ಹೆಚ್ಚು ರಾಷ್ಟ್ರಗಳು ಕಟ್ಟುತ್ತಿರುವ ಐಟರ್ ಸ್ಥಾವರದ ಮಾತನ್ನೂ ಅವರು ಮರೆಯಲಿಲ್ಲ. ಅದರ ಸುಮಾರು 3,850 ಟನ್ ತೂಕದ ಉಕ್ಕಿನ ಹೊರಕವಚ ಭಾರತದ ಕೊಡುಗೆ. ಅದರ ಭಾಗಗಳು ರೂಪುಗೊಂಡುದು ಗುಜರಾತಿನ ಹಜೀರಾದಲ್ಲಿ. 2016ಕ್ಕೆ ಉರಿಯಬೇಕಾಗಿದ್ದ ಆ ಒಲೆಯಲ್ಲಿ ನಿಜವಾದ ಉರುವಲನ್ನು ಹಾಕುವುದು 2039ರಲ್ಲಿ ಎಂದು 2024ರಲ್ಲಿ ಪರಿಷ್ಕರಿಸಿ ಸಾರಲಾಯಿತು. ಅದೂ ಪ್ರಯೋಗದ ಒಲೆಯೇ. ಊರಿಗೆ ವಿದ್ಯುತ್ತನ್ನು ಕೊಡತಕ್ಕುದಲ್ಲ.

ಮುಂದಿನ ಸಾಲಿನ ಬಾಲಕಿಯೊಬ್ಬಳು ಎದ್ದು ನಿಂತು, ‘ಹಾಗಾದರೆ ಅದು ಎಂದು ಬರುತ್ತದೆ?’ ಎಂದಳು. ಐವತ್ತೆರಡು ವರ್ಷಗಳ ಹಿಂದಿನ ಪ್ರಶ್ನೆಯೇ ಮರಳಿ ಬಂದಿತ್ತು. ಗುರುಗಳು ಸೀಮೆಸುಣ್ಣವನ್ನು ಕೆಳಗಿಟ್ಟು, ‘ನನಗೆ ತಿಳಿಯದು, ತಾಯಿ. ಅಂದು ಇವನಿಗೆ ವಿಜ್ಞಾನವನ್ನು ಸರಿಯಾಗಿಯೇ ಹೇಳಿದೆ. ತಾರೀಖನ್ನು ಹೇಳಿ ತಪ್ಪಿದೆ. ದೊಡ್ಡವರು ಹೇಳಿದರೆಂದು ಲೆಕ್ಕವನ್ನು ಕೇಳದೆ ದಾಟಿಸಿಬಿಟ್ಟೆ’ ಎಂದರು. ಬಳಿಕ ಕಿಟಕಿಯಾಚೆ ಬೆರಳು ತೋರಿದರು. ಜಿನೀವಾ ಸಮ್ಮೇಳನದ ಹಿಂದಿನ ವರ್ಷ, 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನಿನ ಸೌರಕೋಶ ಹುಟ್ಟಿತು. ಬಿದ್ದ ಬಿಸಿಲಿನಲ್ಲಿ ಸುಮಾರು ನೂರಕ್ಕೆ ಆರು ಪಾಲನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಹಳ್ಳಿಯ ಮನೆಗಳಿಗೆ ಅದು ಬಂದೀತೆಂದು ತಾವು ಯಾವ ತರಗತಿಗೂ ಹೇಳಿರಲಿಲ್ಲ. ಇಂದು ಅದು ಶಾಲೆಯ ಮಾಳಿಗೆಯ ಮೇಲಿದೆ. ತುಮಕೂರು ಜಿಲ್ಲೆಯ ಪಾವಗಡದ ಬರಡು ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಉದ್ಯಾನವಾಗಿ ಹರಡಿದೆ. ಹದಿನೈದು ಕೋಟಿ ಕಿಲೋಮೀಟರಿನಾಚೆಯ ಸಮ್ಮಿಲನದ ಶಕ್ತಿಯೇ ಆ ದಾರಿಯಿಂದ ತಂತಿಗೆ ಇಳಿದಿದೆ.

ಗಂಟೆ ಬಾರಿಸಿತು. ಮಕ್ಕಳು ಹಲಗೆಯ ಮೇಲಿನ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದರು. ಆ ಬಾಲಕಿ 300ರ ಅಂಕಿಯ ಕೆಳಗೆ ಗೆರೆಯೆಳೆದು, ಅದನ್ನು ಕಡಿಮೆ ಮಾಡುವ ಬಗೆ ಹೇಗೆಂದು ಪಕ್ಕದವಳನ್ನು ಕೇಳುತ್ತಿದ್ದಳು. ಹಳೆಯ ಶಿಷ್ಯ ಗುರುಗಳ ಕೈಹಿಡಿದು ಮೆಟ್ಟಿಲಿಳಿಸಿದ. ವಿದ್ಯೆಯ ಫಲ ಎಂದು ದೊರೆಯುವುದೆಂದು ವಾಗ್ದಾನ ಮಾಡುವ ಅಧಿಕಾರ ಶಿಕ್ಷಕನಿಗಿಲ್ಲ. ಆದರೆ ಅದು ಎಲ್ಲಿಗೆ ಬಂದು ನಿಂತಿದೆಯೆಂಬ ನಿಜವಾದ ಲೆಕ್ಕವನ್ನು ಮುಂದಿನವರ ಕೈಗೆ ಒಪ್ಪಿಸುವ ಹೊಣೆಯಿಂದ ಅವನಿಗೆ ನಿವೃತ್ತಿಯೆಂಬುದಿಲ್ಲ.