ಕಣದ ಪಾಲು, ಕಣಜದ ಪಾಲು

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎನ್ನುವ ಗಾದೆ ನಿಮಗೂ ಗೊತ್ತಿದ್ದೀತು. ನಮ್ಮ ಕಡೆ ಇದನ್ನು ಹೆಚ್ಚಾಗಿ ಅನ್ನುವವರು ಹೆಣ್ಣುಮಕ್ಕಳು. ಮನೆಯ ಯಜಮಾನ ಯಾರದೋ ಹುಡುಗನ ಕಾಲೇಜಿನ ಫೀ ಕಟ್ಟಿ ಬಂದ ದಿನವೇ ಸ್ವಂತ ಮಗನ ಚಪ್ಪಲಿ ಕಿತ್ತುಹೋದರೆ, ಅಡುಗೆಮನೆಯಿಂದ ಈ ಮಾತು ಪಡಸಾಲೆಗೆ ಬಂದೇ ಬರುತ್ತದೆ. ಅದನ್ನು ಸಣ್ಣ ಮನಸ್ಸಿನ ಮಾತು ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಫೀ ಕಟ್ಟಿದ್ದೂ ಒಳ್ಳೆಯದೇ, ಚಪ್ಪಲಿ ಕೇಳುವುದೂ ನ್ಯಾಯವೇ. ಹಾಗಾದರೆ ಎರಡನ್ನೂ ಹೊಂದಿಸಿಕೊಂಡು ಹೋಗುವುದು ಹೇಗೆ? ಈ ಪ್ರಶ್ನೆ ಇಟ್ಟುಕೊಂಡು ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯನ್ನು ಒಂದು ಸುತ್ತು ಹಾಕಿ ಬರೋಣ. ಅವಸರವೇನೂ ಇಲ್ಲ, ಕುಂದ್ರಿ.

ಮೊದಲು ಶಿಗ್ಗಾವಿ. ಲೇಖಕಿ ಸುಧಾ ಮೂರ್ತಿಯವರು ಹುಟ್ಟಿದ ಊರು. ಅಜ್ಜ ಅಜ್ಜಿಯರ ಮನೆಯಲ್ಲಿ ಕಂಡದ್ದನ್ನು ಅವರು ಮತ್ತೆ ಮತ್ತೆ ಬರೆದಿದ್ದಾರೆ. ಆ ಮನೆಯಲ್ಲಿ ಎರಡು ಕಣಜವಂತೆ. ಮುಂದಿನದರಲ್ಲಿ ಒಳ್ಳೆಯ ಬಿಳಿ ಅಕ್ಕಿ, ಹಿಂದಿನದರಲ್ಲಿ ದಪ್ಪನೆಯ ಕೆಂಪಕ್ಕಿ. ಬಾಗಿಲಿಗೆ ಬಂದ ದಾಸಯ್ಯನಿಗೆ, ಫಕೀರನಿಗೆ, ಬಡ ವಿದ್ಯಾರ್ಥಿಗೆ ಮುಂದಿನ ಕಣಜದ ಬಿಳಿ ಅಕ್ಕಿ. ರಾತ್ರಿ ಮನೆಮಂದಿಯ ಊಟಕ್ಕೆ ಹಿಂದಿನ ಕಣಜದ ಕೆಂಪಕ್ಕಿ. ನಾವೇಕೆ ಕೆಂಪಕ್ಕಿ ಉಣ್ಣಬೇಕು ಎಂದು ಮೊಮ್ಮಗಳು ಕೇಳಿದಾಗ, ಕೊಡುವುದಾದರೆ ನಮ್ಮಲ್ಲಿರುವ ಒಳ್ಳೆಯದನ್ನೇ ಕೊಡಬೇಕು ಎಂಬ ಅರ್ಥದ ಉತ್ತರ ಬಂತು. ನನಗೆ ಇದರಲ್ಲಿ ಹಿಡಿಸಿದ್ದು ಅಕ್ಕಿಯ ಬಣ್ಣಕ್ಕಿಂತ ಹೆಚ್ಚಾಗಿ ಆ ಮನೆಯ ವ್ಯವಸ್ಥೆ. ಯಾರಿಗೂ ಹೊಟ್ಟೆಗೆ ಕಡಿಮೆಯಾಗಿಲ್ಲ, ಮನೆಯವರೆಲ್ಲರ ಎಲೆಯಲ್ಲೂ ಒಂದೇ ಅನ್ನ. ಅಜ್ಜ ಕೊಡುವವನು, ಅಜ್ಜಿ ಕೊರಗುವವಳು ಎಂಬ ಭೇದವೂ ಇಲ್ಲ. ಇಡೀ ಮನೆ ಸೇರಿ ಕೊಟ್ಟಾಗ ಆ ಗಾದೆಗೆ ಏನು ಕೆಲಸ ಹೇಳಿ?

ಅಜ್ಜಿ ಅಂದ ಕೂಡಲೇ ಇನ್ನೊಂದು ನೆನಪಾಯಿತು. ಅಕ್ಷರ ಬಾರದ ತಮ್ಮ ಅಜ್ಜಿಗೆ ಸುಧಾ ಅವರು ಹುಡುಗಿಯಾಗಿದ್ದಾಗ ಓದು ಕಲಿಸಿದ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಅಜ್ಜಿಗೆ ಆ ಛಲ ಹತ್ತಿಸಿದ್ದು ‘ಕರ್ಮವೀರ’ದಲ್ಲಿ ವಾರವಾರ ಬರುತ್ತಿದ್ದ ತ್ರಿವೇಣಿಯವರ ‘ಕಾಶೀಯಾತ್ರೆ’. ಓದಿ ಹೇಳುವ ಮೊಮ್ಮಗಳು ಮದುವೆಗೆಂದು ಬೇರೆ ಊರಿಗೆ ಹೋದಾಗ, ಪತ್ರಿಕೆ ಕೈಯಲ್ಲಿದ್ದೂ ಒಂದಕ್ಷರ ತಿಳಿಯದೆ ಅಜ್ಜಿ ಕಣ್ಣೀರಿಟ್ಟರು. ದಸರೆಯ ಸರಸ್ವತಿ ಪೂಜೆಯೊಳಗೆ ಓದಲು ಕಲಿಯುತ್ತೇನೆಂದು ಪಣ ತೊಟ್ಟು, ಅರವತ್ತು ದಾಟಿದ ವಯಸ್ಸಿನಲ್ಲಿ ಕಲಿತೇಬಿಟ್ಟರು. ಇಷ್ಟಕ್ಕೂ ಆ ಕಾದಂಬರಿಯಲ್ಲಿ ಏನಿದೆ? ಕಾಶಿಗೆ ಹೋಗಬೇಕೆಂದು ಕಾಸಿಗೆ ಕಾಸು ಕೂಡಿಸಿದ ಮುದುಕಿಯೊಬ್ಬಳು ಕೊನೆಗೆ ಆ ಹಣವನ್ನು ಅನಾಥ ಹುಡುಗಿಯ ಮದುವೆಗೆ ಕೊಟ್ಟುಬಿಡುತ್ತಾಳೆ. ಮುಂದೆ 1996ರಲ್ಲಿ ಇನ್ಫೋಸಿಸ್ ಫೌಂಡೇಶನ್ ಶುರುವಾಯಿತಲ್ಲ, ತನ್ನನ್ನು ಈ ದಾರಿಗೆ ಹಚ್ಚಿದ್ದು ಮಗಳ ಒಂದು ಖಾರವಾದ ಪ್ರಶ್ನೆ ಎಂದು ಸುಧಾ ಅವರೇ ಬರೆದುಕೊಂಡಿದ್ದಾರೆ. ಅಂಧ ವಿದ್ಯಾರ್ಥಿಯೊಬ್ಬನ ಓದಿಗೆ ನೆರವು ಬೇಕಾಗಿತ್ತು. ನಿನ್ನ ಕೈಲಾಗುವುದನ್ನು ನೀನೇ ಮಾಡದಿದ್ದರೆ ಹೇಗೆ ಎಂದು ಮಗಳು ತಾಯಿಯನ್ನು ಕೇಳಿದ್ದಳು. ಅಜ್ಜಿ ಬಿತ್ತಿದ್ದನ್ನು ಮೊಮ್ಮಗಳಿಗೆ ಮರಿಮೊಮ್ಮಗಳು ನೆನಪಿಸಿದಳು. ಸಂಸಾರ ಸೇವೆಗೆ ಅಡ್ಡಿ ಎನ್ನುವವರು ಈ ನಾಲ್ಕು ತಲೆಮಾರನ್ನು ಒಮ್ಮೆ ನೋಡಬೇಕು.

ಅಂಧ ಮಕ್ಕಳ ಮಾತು ಬಂದಮೇಲೆ ಹಾನಗಲ್ಲಿಗೆ ಹೋಗದೆ ಇರಲಾದೀತೆ? ಮಲೆನಾಡಿನ ಸೆರಗಿನಲ್ಲಿರುವ ಊರು. ಭತ್ತದ ಗದ್ದೆ, ಮಾವಿನ ತೋಪು, ತಾರಕೇಶ್ವರ ಗುಡಿ. ಅಲ್ಲಿಯ ವಿರಕ್ತಮಠದ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರ ಕಟ್ಟಿದವರು. ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಇಬ್ಬರು ಅಣ್ಣತಮ್ಮಂದಿರ ಹಾಡು ಅವರ ಕಿವಿಗೆ ಬಿತ್ತು. ಇಬ್ಬರನ್ನೂ ಕರೆತಂದು ಸಂಗೀತ ಕಲಿಸಿದರು. ಅವರಲ್ಲೊಬ್ಬ ಗದಿಗೆಯ್ಯ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಆ ಗವಾಯಿಗಳು ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ನಾಟಕ ಕಂಪನಿ ನಡೆಸಿ, ಬಂದ ದುಡ್ಡಿನಲ್ಲಿ ಅವರಿಗೆ ಅನ್ನ ಹಾಕಿ, ವಿದ್ಯೆಯನ್ನೂ ಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೀಗೆ.

ನೀವು ಅನ್ನಬಹುದು: ಅವರು ಸನ್ಯಾಸಿಗಳು, ಹೆಂಡತಿ ಮಕ್ಕಳಿಲ್ಲ, ನಮ್ಮ ಕಷ್ಟ ಅವರಿಗೆಲ್ಲಿ? ನಿಲ್ಲಿ, ಕತೆ ಇನ್ನೂ ಇದೆ. ಹಾನಗಲ್ಲ ತಾಲ್ಲೂಕಿನಲ್ಲೇ 1914ರಲ್ಲಿ ಇನ್ನೊಂದು ಕೂಸು ಹುಟ್ಟಿ, ಎಳವೆಯಲ್ಲೇ ಕಣ್ಣು ಕಳೆದುಕೊಂಡಿತು. ಅದನ್ನು ಸಾಕಿದವನು ಸೋದರಮಾವ. ಹುಡುಗ ಹಾರ್ಮೋನಿಯಂ ಮೇಲೆ ತಾನೇ ಬೆರಳಾಡಿಸುತ್ತ ಸ್ವರ ಹಿಡಿಯುವುದನ್ನು ಕಂಡವನೂ, ಪಂಚಾಕ್ಷರಿ ಗವಾಯಿಗಳ ಹತ್ತಿರ ಬಿಟ್ಟುಬಂದವನೂ ಅದೇ ಮಾವ. ಆ ಹುಡುಗನೇ ಪುಟ್ಟರಾಜ ಗವಾಯಿ. ಗುರುವಿನ ನಂತರ 2010ರಲ್ಲಿ ತೀರಿಕೊಳ್ಳುವವರೆಗೂ ಆಶ್ರಮ ನಡೆಸಿದರು. ಭಕ್ತರು ಮಾಡಿದ ತುಲಾಭಾರದ ಹಣವೆಲ್ಲ ಮಕ್ಕಳ ಊಟಕ್ಕೆ, ಪಾಠಕ್ಕೆ ಹೋಯಿತು. ತೀರಿಕೊಂಡ ವರ್ಷವೇ ಪದ್ಮಭೂಷಣವೂ ಬಂದಿತ್ತು. ಪ್ರಶಸ್ತಿ ಪಡೆದವರ ಹೆಸರು ಎಲ್ಲರಿಗೂ ಗೊತ್ತು. ನಾನು ಕೈಮುಗಿಯುವುದು ಆ ಸೋದರಮಾವನಿಗೂ. ಒಡಹುಟ್ಟಿದವಳ ಕೂಸಿಗೆ ತನ್ನ ಮನೆಯಲ್ಲಿ ಜಾಗ ಮಾಡಿಕೊಟ್ಟ ಸಂಸಾರಸ್ಥ ಅವನು. ಸಾವಿರಾರು ಅಂಧ ಮಕ್ಕಳ ಬಾಳಿಗೆ ಬೆಳಕಾದ ದಾರಿ ಹೊರಟದ್ದು ಒಬ್ಬ ಗೃಹಸ್ಥನ ಹೊಸ್ತಿಲಿನಿಂದ.

ಸವಣೂರಿನ ಕಡೆ ಹೊರಳೋಣ. ಸವಣೂರು ಅಂದರೆ ನವಾಬರು, ಭಾರಿ ಗಾತ್ರದ ದೊಡ್ಡಹುಣಸೆ ಮರಗಳು, ಎಲೆಬಳ್ಳಿ, ಮತ್ತೆ ಆ ಖಾರ! ಸವಣೂರ ಖಾರದ ಪೊಟ್ಟಣವಿಲ್ಲದೆ ಅಲ್ಲಿಂದ ಬಸ್ಸು ಹತ್ತಿದವರುಂಟೆ? ಇರಲಿ. ಅಲ್ಲಿಯ ಮುಸ್ಲಿಂ ಮನೆಗಳಲ್ಲಿ ರಂಜಾನ್ ತಿಂಗಳಲ್ಲಿ ಜಕಾತಿನ ಲೆಕ್ಕ ನಡೆಯುತ್ತದೆ. ಆ ಲೆಕ್ಕದಲ್ಲಿ ಎಷ್ಟು ವಿವೇಕವಿದೆ ನೋಡಿ. ಮನೆಯ ಖರ್ಚು, ಸಾಲ ಕಳೆದು, ಏಳೂವರೆ ತೊಲೆ ಚಿನ್ನ ಅಥವಾ ಐವತ್ತೆರಡೂವರೆ ತೊಲೆ ಬೆಳ್ಳಿಯ ಬೆಲೆಯಷ್ಟು ಒಂದು ವರ್ಷ ಉಳಿದಿದ್ದರೆ ಅದರಲ್ಲಿ ನಲವತ್ತನೇ ಒಂದು ಪಾಲು, ಅಂದರೆ ನೂರಕ್ಕೆ ಎರಡೂವರೆ ರೂಪಾಯಿ, ಬಡವರದು. ತಂದೆತಾಯಿ, ಹೆಂಡತಿ, ಮಕ್ಕಳಿಗೆ ಜಕಾತ್ ಕೊಡುವ ಹಾಗಿಲ್ಲ. ಅವರನ್ನು ಸಾಕುವುದು ಹೇಗೂ ನಿಮ್ಮ ಹೊಣೆ. ಬಡ ತಮ್ಮನಿಗೆ, ಅತ್ತೆಗೆ, ಕಾಕಾನಿಗೆ ಕೊಡಬಹುದು, ಕೊಟ್ಟರೆ ಇನ್ನೂ ಒಳ್ಳೆಯದು. ಸಂಸಾರಕ್ಕೆ ಎಷ್ಟು, ಲೋಕಕ್ಕೆ ಎಷ್ಟು ಎಂಬ ಗೆರೆ ಮೊದಲೇ ಎಳೆದಿದೆ. ದೊಡ್ಡ ದೊಡ್ಡ ದೇಶಗಳೂ ಹೀಗೊಂದು ಗೆರೆ ಎಳೆದವು. ಶ್ರೀಮಂತ ದೇಶಗಳು ತಮ್ಮ ಆದಾಯದಲ್ಲಿ ನೂರಕ್ಕೆ 0.7ರಷ್ಟನ್ನು ಬಡ ದೇಶಗಳಿಗೆ ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗೊತ್ತುಪಡಿಸಿತು. ಅದನ್ನು ಮುಟ್ಟಿದ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. ಖಾರ ಕುಟ್ಟುವ ಮನೆಗಳು ತಮ್ಮ ಗೆರೆಯಷ್ಟು ಕೊಡುತ್ತ ಬಂದಿವೆ.

ಸವಣೂರಿನಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 2010ರ ಜುಲೈಯಲ್ಲಿ, ತಲೆಮಾರುಗಳಿಂದ ಮಲ ಹೊತ್ತ ಕುಟುಂಬದವರು, ತಾವಿದ್ದ ಜಾಗ ಬಿಡಿಸುತ್ತಾರೆಂದು ನೊಂದು, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅವರು ಕೇಳಿದ್ದು ಭಿಕ್ಷೆಯಲ್ಲ. ಮನೆ ಮತ್ತು ಮರ್ಯಾದೆಯ ಕೆಲಸ. ಬಡವರಿಗೆ ನೆರವಾಗುವ ಮಾತಾಡುವಾಗ ನಾವು ನಮ್ಮ ಸಂಸಾರವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಅವರಿಗೂ ಸಂಸಾರವಿದೆ, ಅವರ ಮಗಳಿಗೂ ಶಾಲೆಯಿದೆ. ಒಂದು ಹಿಡಿ ಅಕ್ಕಿ ಕೊಟ್ಟವರು ಆ ಮನೆಯ ಹಕ್ಕಿನ ಪರವಾಗಿ ಒಂದು ಮಾತನ್ನೂ ಆಡಿದರೆ ಕೊಟ್ಟದ್ದು ಪೂರ್ತಿಯಾಗುತ್ತದೆ.

ಹಿರೇಕೆರೂರು ಉಳಿಯಿತು. ಅಬಲೂರು, ಮಾಸೂರಿನ ಸೀಮೆ ಸರ್ವಜ್ಞನದು ಎಂದು ಜನ ನಂಬಿದ್ದಾರೆ. ಮನೆಮಠವಿಲ್ಲದೆ ಬೇಡಿ ಉಂಡು ತಿರುಗಿದ ಆ ಕವಿ ಗೃಹಸ್ಥನ ಸುಖವನ್ನು ಮನಸಾರೆ ಹೊಗಳಿದ್ದಾನೆ. ಯಾಕಿರಬಹುದು? ಬೇಡುವವನಿಗೆ ಚೆನ್ನಾಗಿ ಗೊತ್ತು, ಒಲೆ ಹೊತ್ತುವ ಮನೆಯಿದ್ದರೆ ತಾನೆ ಭಿಕ್ಷೆ ಹುಟ್ಟುವುದು. ಈ ಸೀಮೆಯ ಸುಗ್ಗಿಯಲ್ಲಿ ಹಿಂದೆ ಕಣದಲ್ಲಿ ಹಂತಿ ಕಟ್ಟಿ ಎತ್ತು ತಿರುಗಿಸಿ, ತೂರಿ, ರಾಶಿಗೆ ಪೂಜೆ ಮಾಡುತ್ತಿದ್ದರು. ಆಮೇಲೆ ನೇರ ಮನೆಗೆ ಗಾಡಿ ಹೇರುತ್ತಿರಲಿಲ್ಲ. ಬಡಿಗೇರ, ಕಮ್ಮಾರ, ಕುಂಬಾರ, ತಳವಾರರ ಆಯ ಅಳೆದುಕೊಡಬೇಕು. ಅದು ದುಡಿಮೆಯ ಪಾಲು, ದಾನವಲ್ಲ. ಕಾದು ನಿಂತ ಮುದುಕಿಯ ಸೆರಗಿಗೆ, ಹೆಳವನ ಜೋಳಿಗೆಗೆ ಮೊರದಲ್ಲಿ ಹಾಕಬೇಕು. ಉಳಿದದ್ದು ಮನೆಗೆ, ನೆಲದೊಳಗಿನ ಹಗೇವಿಗೆ. ಆ ಕಣದಲ್ಲೂ ಜಾತಿಯ ಮೇಲುಕೀಳು ಇತ್ತು, ಅದು ಹೋಗಲೇಬೇಕು. ಆದರೆ ಕಣದಲ್ಲೇ ಪಾಲು ತೆಗೆಯುವ ಆ ಕ್ರಮ ಬಲು ಚೆಂದ. ಒಮ್ಮೆ ಹಗೇವಿಗೆ ಬಿದ್ದ ಜೋಳ ಹೊರಗೆ ತೆಗೆಯುವುದೆಂದರೆ ಮನೆಯವಳಿಗೆ ಕರುಳು ಕಿತ್ತ ಹಾಗೆ; ಕಣದಲ್ಲೇ ಕೊಟ್ಟದ್ದು ಮನೆಯದು ಎನಿಸುವುದೇ ಇಲ್ಲ.

ಈಗ ಕಣವಿಲ್ಲ, ಒಕ್ಕಣೆ ಯಂತ್ರ ಹೊಲಕ್ಕೇ ಬರುತ್ತದೆ, ಪಗಾರ ನೇರ ಬ್ಯಾಂಕಿಗೆ ಬೀಳುತ್ತದೆ. ಬೀಳಲಿ. ಬಿದ್ದ ದಿನವೇ, ಗಂಡ ಹೆಂಡತಿ ಕೂತು, ಮಕ್ಕಳನ್ನೂ ಕರೆದು, ಇಷ್ಟು ನಮ್ಮದಲ್ಲ ಎಂದು ಎತ್ತಿಡಬಹುದಲ್ಲ? ಮೊತ್ತ ಸಣ್ಣದಿರಲಿ, ಎಲ್ಲರಿಗೂ ಗೊತ್ತಿರಲಿ. ಅದು ಓಣಿಯ ವಿಧವೆಗೆ ಹೋಗಲಿ, ಆಫ್ರಿಕದ ಯಾವುದೋ ಹಳ್ಳಿಯ ಮಗುವಿನ ಲಸಿಕೆಗೆ ಹೋಗಲಿ.

ದುಡ್ಡೇ ಇಲ್ಲದವರು ಏನು ಮಾಡಬೇಕು ಅನ್ನುತ್ತೀರಾ? ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿಗೆ ಹೋಗಿ ಕೇಳಿ. ಆ ಊರಿಗೆ ರಕ್ತದಾನಿಗಳ ತವರೂರು ಎಂದೇ ಹೆಸರು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಮನೆಯ ಡಬ್ಬಿಯಿಂದ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಥಲಸ್ಸೇಮಿಯಾದ ಮಕ್ಕಳು ವಾರ ಎಣಿಸಿ ಕಾಯುವುದು ಇದಕ್ಕೇ. ನಾಲ್ಕು ಊರಿನ ಮಾತು ನಾನು ಹೇಳಿದೆ. ನಿಮ್ಮೂರಿನಲ್ಲೂ ಇಂಥ ಒಬ್ಬ ಸೋದರಮಾವ, ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅವರ ಸುದ್ದಿ ಹೇಳಿ, ಕೇಳೋಣ.