ಇನ್ನೂರೈವತ್ತು ಮೀಟರ್ ಆಳದಲ್ಲಿ ಒಡೆದ ಯಂತ್ರ

ಡಾನ್ ಶರ್ಲಿಗೆ ಕೆಳಗೆ ಒಂದು ಬೆಳಕು ಕಾಣುತ್ತಿತ್ತು. ಬೆಳಕು ಅಲುಗಾಡುತ್ತಿರಲಿಲ್ಲ.

2005ರ ಜನವರಿ 8. ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯದಲ್ಲಿ ಡೇನಿಯಲ್ಸ್‌ಕೇಲ್ ಊರಿನ ಹತ್ತಿರ ಇರುವ ಬೂಸ್ಮನ್ಸ್‌ಗಾಟ್ ಎಂಬ ನೀರುಗವಿ. ಮೇಲಿನಿಂದ ನೋಡಿದರೆ ಕಡಿದಾದ ಬಂಡೆಗಳ ತಳದಲ್ಲೊಂದು ಪುಟ್ಟ ಹೊಂಡ, ಅಷ್ಟೇ. ಅದರ ಇಕ್ಕಟ್ಟಾದ ಕಂಠ ದಾಟಿದರೆ ಗೋಡೆಗಳು ದೂರ ಸರಿಯುತ್ತವೆ, ಕೈಗೆ ಸಿಗುವುದು ತಾವೇ ಇಳಿಬಿಟ್ಟ ಹಗ್ಗವೊಂದೇ. ತಳ 270 ಮೀಟರಿಗೂ ಕೆಳಗೆ. ಜಾಗ ಸಮುದ್ರಮಟ್ಟಕ್ಕಿಂತ 1,500 ಮೀಟರಿಗೂ ಎತ್ತರದಲ್ಲಿರುವುದರಿಂದ ಮೇಲೆ ಬರುವ ಲೆಕ್ಕಾಚಾರವೂ ಕಷ್ಟ. ಗಾಳಿಯ ಒತ್ತಡ ಕಡಿಮೆಯಿರುವ ಕಡೆ ಮೈಯೊಳಗಿನ ಅನಿಲ ಗುಳ್ಳೆಯಾಗುವ ಅಪಾಯ ಹೆಚ್ಚು.

ಬೆಳಕು ಡೇವ್ ಶಾ ಅವನದು. ಹಾಂಗ್‌ಕಾಂಗ್‌ನಲ್ಲಿ ನೆಲೆಸಿದ್ದ ಆಸ್ಟ್ರೇಲಿಯಾದ ಪೈಲಟ್, ವಯಸ್ಸು ಐವತ್ತು. ಸುಮಾರು ಎರಡೂವರೆ ತಿಂಗಳ ಹಿಂದೆ, 2004ರ ಅಕ್ಟೋಬರ್ 28ರಂದು, ಅವನು ಇದೇ ಗವಿಯ ತಳ ಮುಟ್ಟಿದ್ದ. ಅಲ್ಲಿ ಟಾರ್ಚಿನ ಬೆಳಕಿಗೆ ಸಿಕ್ಕಿದ್ದು ಡಿಯಾನ್ ಡ್ರೇಯರ್‌ನ ಶವ. 1994ರ ಡಿಸೆಂಬರ್ 17ರಂದು ಇದೇ ನೀರಿನಲ್ಲಿ ಪ್ರಜ್ಞೆ ತಪ್ಪಿ ಕೆಳಗಿಳಿದುಹೋದ ಇಪ್ಪತ್ತರ ಹುಡುಗ, ಹತ್ತು ವರ್ಷ ಅಲ್ಲೇ ಬಿದ್ದಿದ್ದ. ಶಾ ಎತ್ತಲು ನೋಡಿದ. ಕೆಸರು ಬಿಡಲಿಲ್ಲ. ಏದುಸಿರು ಬಂತು. ತನ್ನ ಹಗ್ಗವನ್ನು ಶವಕ್ಕೆ ಕಟ್ಟಿ ಮೇಲೆ ಬಂದ. ಮಗನನ್ನು ತಂದುಕೊಡುತ್ತೇನೆ ಎಂದು ಹೆತ್ತವರಿಗೆ ಮಾತು ಕೊಟ್ಟ. ಆ ಏದುಸಿರನ್ನು ಯಾರಾದರೂ ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತೇನೋ.

ಈಗ ಕೊಟ್ಟ ಮಾತು ಉಳಿಸಿಕೊಳ್ಳುವ ದಿನ. ಶಾ ಮೊದಲು ಇಳಿಯುವುದು, ಶವವನ್ನು ಚೀಲಕ್ಕೆ ಸೇರಿಸುವುದು, ಹಿಂದೆಯೇ ಬರುವ ಗೆಳೆಯ ಶರ್ಲಿ 220 ಮೀಟರಿನಲ್ಲಿ ಅವನನ್ನು ಎದುರುಗೊಳ್ಳುವುದು, ಇದು ಯೋಜನೆ. ಶರ್ಲಿ ಇಳಿದು ನೋಡಿದರೆ ಮೇಲೆ ಬರಬೇಕಾದ ಬೆಳಕು ತಳದಲ್ಲೇ ನಿಂತಿದೆ.

ಏನು ಮಾಡಬೇಕು? ಶರ್ಲಿ ಇನ್ನೂ ಕೆಳಗಿಳಿದ.

ಅವನು ಯಾವ ಯಂತ್ರವನ್ನು ನಂಬಿ ಇಳಿಯುತ್ತಿದ್ದ ಎಂಬುದನ್ನು ಇಲ್ಲೇ ಹೇಳಬೇಕು. ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದವರಿಗೆ ಗೊತ್ತು, ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಮೇಲೆ ಹೋಗುತ್ತದೆ. ಹತ್ತಿಪ್ಪತ್ತು ಮೀಟರಿನಲ್ಲಿ ಆ ದುಂದುಗಾರಿಕೆ ನಡೆಯುತ್ತದೆ. 270 ಮೀಟರಿನಲ್ಲಿ ಒತ್ತಡ ನೆಲದ ಮೇಲಿನದರ ಸುಮಾರು 28 ಪಟ್ಟು. ನಿಮಿಷಕ್ಕೆ 20 ಲೀಟರ್ ಉಸಿರಾಡುವವನು ಅಲ್ಲಿ 560 ಲೀಟರ್ ಖರ್ಚು ಮಾಡುತ್ತಾನೆ. 200 ಬಾರ್ ತುಂಬಿದ 12 ಲೀಟರಿನ ಸಿಲಿಂಡರ್ ನಾಲ್ಕೇ ನಿಮಿಷಕ್ಕೆ ಖಾಲಿ. ಈ ಗವಿಯಲ್ಲೇ ಡೈವರ್‌ಗಳಾದ ಶೆಕ್ ಎಕ್ಸ್ಲಿ 1993ರಲ್ಲಿ 263 ಮೀಟರಿಗೆ, ನೂನೋ ಗೋಮೆಸ್ 1996ರಲ್ಲಿ 282.6 ಮೀಟರಿಗೆ ಇಳಿದದ್ದು ಹೀಗೆ ಗುಳ್ಳೆ ಬಿಡುತ್ತಲೇ. ಗೋಮೆಸ್ ತಳದ ಕೆಸರಿನಲ್ಲಿ ಹೂತು ಕೆಲಹೊತ್ತು ಒದ್ದಾಡಿದ್ದ. ಒಂದೊಂದು ಉಸಿರಿಗೂ ಸಿಲಿಂಡರಿನ ಮುಳ್ಳು ಇಳಿಯುವಾಗ ಆ ಒದ್ದಾಟ ಹೇಗಿದ್ದಿರಬೇಕು!

ಶರ್ಲಿ ಹೊತ್ತಿದ್ದ ಕ್ಲೋಸ್ಡ್ ಸರ್ಕ್ಯೂಟ್ ರೀಬ್ರೀದರ್ ಈ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಬಿಟ್ಟ ಉಸಿರು ಹೊರಗೆ ಹೋಗದೆ ಕೊಳವೆಯಲ್ಲಿ ಸುತ್ತಿ, ಸೋಡಾ ಲೈಮ್ ಹರಳು ತುಂಬಿದ ಡಬ್ಬಿಯ ಮೂಲಕ ಹಾಯುತ್ತದೆ. ಹರಳುಗಳು ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೈ ಸುಟ್ಟುಕೊಂಡಷ್ಟು ಆಮ್ಲಜನಕವನ್ನು ಮಾತ್ರ ಮತ್ತೆ ತುಂಬಿದರೆ ಸಾಕು. ಕೆಲಸ ಮಾಡುವಾಗಲೂ ಅದು ನಿಮಿಷಕ್ಕೆ ಒಂದೆರಡು ಲೀಟರ್, ಆಳ ಎಷ್ಟಾದರೂ ಅಷ್ಟೇ. ಮೂರು ಲೀಟರಿನ ಪುಟ್ಟ ಸಿಲಿಂಡರಿನಲ್ಲಿ ಗಂಟೆಗಟ್ಟಲೆ ಇರಬಹುದು. ದುಬಾರಿ ಹೀಲಿಯಂ ಕೂಡ ಪೋಲಾಗದು.

ಆದರೆ ಯಾವಾಗ ಎಷ್ಟು ಆಮ್ಲಜನಕ ಬೇಕೆಂದು ಅಳೆಯುವವರು ಯಾರು? ಸಾಮಾನ್ಯವಾಗಿ ಮೂರು ಸೆನ್ಸರ್‌ಗಳು ಅಳೆಯುತ್ತವೆ, ಎಲೆಕ್ಟ್ರಾನಿಕ್ ನಿಯಂತ್ರಕ ಅವುಗಳ ಮಾತು ಕೇಳಿ ವಾಲ್ವ್ ತೆರೆಯುತ್ತದೆ. ಒಂದು ಸೆನ್ಸರ್ ಸುಳ್ಳು ಹೇಳಿದರೆ ಉಳಿದೆರಡರ ಮಾತು ನಡೆಯುತ್ತದೆ. ಎರಡು ಹಳೆಯ ಸೆನ್ಸರ್‌ಗಳು ಸೇರಿ ಒಂದೇ ಸುಳ್ಳು ಹೇಳಿದರೆ ಸತ್ಯ ಹೇಳುವ ಮೂರನೆಯದೇ ಸೋಲುತ್ತದೆ. ಆಮ್ಲಜನಕ ಕಡಿಮೆಯಾದರೆ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ಹೋಗುತ್ತದೆ, ಹೆಚ್ಚಾದರೆ ಫಿಟ್ಸ್ ಬಂದು ಬಾಯಿಯ ಕೊಳವೆ ಜಾರುತ್ತದೆ.

ಶರ್ಲಿ ಸುಮಾರು 250 ಮೀಟರ್ ತಲುಪಿದ್ದ. ಅಲ್ಲಿ ಅವನ ನಿಯಂತ್ರಕ ಒತ್ತಡ ತಾಳದೆ ಒಡೆಯಿತು.

ಮಿದುಳು ಸತ್ತ ಯಂತ್ರ ಬೆನ್ನ ಮೇಲೆ. ಕೆಳಗೆ ಗೆಳೆಯ, ಇಪ್ಪತ್ತೇ ಮೀಟರ್ ದೂರ. ಇಳಿದರೆ ತಾನೂ ಅಲ್ಲೇ ಉಳಿಯುತ್ತೇನೆ ಎಂಬುದು ಶರ್ಲಿಗೆ ಸ್ಪಷ್ಟವಾಗಿತ್ತು. ಅವನು ತಿರುಗಿದ.

ಇಂಥ ಆಳಕ್ಕೆ ಬಳಸುವ ಮಿಶ್ರಣದಲ್ಲಿ ಆಮ್ಲಜನಕ ನೂರಕ್ಕೆ ನಾಲ್ಕರ ಆಸುಪಾಸು. 250 ಮೀಟರಿನಲ್ಲಿ ಒತ್ತಡ 26 ಪಟ್ಟು ಇರುವುದರಿಂದ ಅಷ್ಟೇ ಸಾಕಾಗುತ್ತದೆ. ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಅದೇ ಮಿಶ್ರಣ ಕೊಲ್ಲಲು ಶುರುಮಾಡುತ್ತದೆ. ನೀರಿನ ಮೇಲ್ಮೈ ಹತ್ತಿರ ಅದನ್ನು ಉಸಿರಾಡಿದವನು ಬದುಕುವುದಿಲ್ಲ. ಅಂದರೆ ಮೇಲೇರುತ್ತ ಏರುತ್ತ ಆಮ್ಲಜನಕ ಸೇರಿಸುತ್ತಲೇ ಇರಬೇಕು. ಯಂತ್ರ ಮಾಡಬೇಕಾದ ಈ ಕೆಲಸ ಈಗ ಶರ್ಲಿಯ ಬೆರಳಿಗೆ ಬಿತ್ತು. ಗುಂಡಿ ಒತ್ತು, ಉಸಿರಾಡು, ಎಣಿಸು. ಏರು. ಮತ್ತೆ ಒತ್ತು. ಹೆಚ್ಚಾಯಿತೇ? ಕಡಿಮೆಯಾಯಿತೇ? ಕತ್ತಲೆಯಲ್ಲಿ, ಹೀಲಿಯಂ ತುಂಬಿದ ತಣ್ಣನೆಯ ಉಸಿರಿನಲ್ಲಿ, ಗೆಳೆಯ ಸತ್ತಿದ್ದಾನೆಂದು ತಿಳಿದೂ ತಿಳಿದೂ, ಅವನು ಲೆಕ್ಕ ತಪ್ಪಲಿಲ್ಲ.

ಎದುರಾದ ಬೆಂಬಲ ಡೈವರ್‌ಗಳಿಗೆ ತೋರಿಸಲು ಸ್ಲೇಟಿನ ಮೇಲೆ ಬರೆದ: ಡೇವ್ ಬರುತ್ತಿಲ್ಲ.

ಗಂಡಾಂತರ ಇನ್ನೂ ಮುಗಿದಿರಲಿಲ್ಲ. ಐವತ್ತು ಮೀಟರಿನ ಒಳಗೆ ಬಂದಾಗ ಒಳಕಿವಿಯಲ್ಲಿ ಹೀಲಿಯಂ ಗುಳ್ಳೆಯೊಂದು ಹುಟ್ಟಿತು. ಇಡೀ ಗವಿ ಗಿರ್ರನೆ ತಿರುಗಿತು. ಮೇಲು ಯಾವುದು, ಕೆಳಗು ಯಾವುದು? ಹಗ್ಗ ಕೈತಪ್ಪಿತು. ಆ ವಿಶಾಲ ಕತ್ತಲೆಯಲ್ಲಿ ಹಗ್ಗ ಬಿಟ್ಟವನಿಗೆ ದಿಕ್ಕಿಲ್ಲ. ಸಿಲಿಂಡರ್‌ಗಳು ತೂಗಿದ್ದು ಹಗ್ಗಕ್ಕೆ, ಗೆಳೆಯರು ಬರುವುದೂ ಅದೇ ಹಗ್ಗ ಹಿಡಿದು. ಸುತ್ತುವ ಟಾರ್ಚಿನ ಬೆಳಕಿನಲ್ಲಿ ಹಗ್ಗ ಒಮ್ಮೆ ಮಿಂಚಿ ಹೋಯಿತು. ಶರ್ಲಿ ಕೈ ಬೀಸಿದ. ಸಿಕ್ಕಿತು.

ಹಾಗಂತ ನೇರ ಮೇಲೆ ಬರುವಂತಿಲ್ಲ. ರಕ್ತದಲ್ಲಿ, ಮಾಂಸದಲ್ಲಿ ಕರಗಿದ ಅನಿಲ ನಿಧಾನವಾಗಿ ಹೊರಬರಬೇಕು, ಅದಕ್ಕೆ ಗಂಟೆಗಳು ಬೇಕು. ತಲೆ ಸುತ್ತುತ್ತಿದೆ, ವಾಂತಿ ನಿಲ್ಲುತ್ತಿಲ್ಲ. ಬಾಯಿಯ ಕೊಳವೆ ತೆಗೆ, ಕಾರು, ನೀರು ಒಳಗೆ ಹೋಗುವ ಮೊದಲು ಮತ್ತೆ ಕಚ್ಚು. ಗೆಳೆಯರು ಸರದಿಯಲ್ಲಿ ಇಳಿದು ಸಿಲಿಂಡರ್ ಕೊಟ್ಟರು, ಹಗ್ಗಕ್ಕೆ ಆನಿಸಿ ಹಿಡಿದರು. ಹನ್ನೆರಡು ಗಂಟೆಗೂ ಮೀರಿ ನೀರಿನಲ್ಲಿದ್ದ ಶರ್ಲಿಯನ್ನು ಬಂಡೆಗಳ ಮೇಲಿಂದ ಸ್ಟ್ರೆಚರಿನಲ್ಲಿ ಎಳೆದುಕೊಂಡು, ಪೊಲೀಸರು ಗವಿಯ ಬಳಿಯೇ ತಂದಿಟ್ಟಿದ್ದ ಒತ್ತಡದ ಕೋಣೆಗೆ ಸೇರಿಸಿದರು.

ಕೆಳಗೆ ಏನಾಗಿತ್ತೆಂದು ಶಾನ ಹೆಲ್ಮೆಟ್ಟಿಗೆ ಕಟ್ಟಿದ್ದ ಕ್ಯಾಮೆರಾ ಹೇಳಿತು. ಮೂಳೆಯಷ್ಟೇ ಉಳಿದಿರುತ್ತದೆ ಎಂದುಕೊಂಡಿದ್ದ ಶವ ಹಾಗಿರಲಿಲ್ಲ, ಸಾಬೂನಿನಂತಾಗಿ ಇಡಿಯಾಗಿತ್ತು. ಕೆಸರಿನಿಂದ ಬಿಡಿಸಿದ್ದೇ ತೇಲತೊಡಗಿತು. ಚೀಲಕ್ಕೆ ತೂರಿಸಲು ಶಾ ಹೆಣಗಾಡಿದ. ಅಭ್ಯಾಸದಂತೆ ಟಾರ್ಚಿನ ವೈರನ್ನು ಕತ್ತಿನ ಹಿಂದೆ ಹಾಕಿಕೊಳ್ಳಲು ಕ್ಯಾಮೆರಾ ಅಡ್ಡಿಯಾಗಿತ್ತು. ಟಾರ್ಚು ಪಕ್ಕಕ್ಕಿಟ್ಟ. ಅದು ಹಗ್ಗಕ್ಕೆ ತೊಡರಿತು. ಧ್ವನಿಮುದ್ರಣದಲ್ಲಿ ಉಸಿರು ಚುರುಕಾಗುತ್ತ, ಮೇಲುಮೇಲಿನದಾಗುತ್ತ, ಕೊನೆಗೆ ನಿಲ್ಲುತ್ತದೆ.

ಆಕ್ಲೆಂಡಿನ ಅರಿವಳಿಕೆ ತಜ್ಞ, ಸ್ವತಃ ಆಳದ ಡೈವರ್ ಆಗಿರುವ ಸೈಮನ್ ಮಿಚೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಬೊಟ್ಟು ಮಾಡಿದ್ದು ಉಸಿರಾಟದ ವೈಫಲ್ಯದ ಕಡೆಗೆ. ಶಾ ಉಸಿರಾಡುತ್ತಿದ್ದ ಅನಿಲದಲ್ಲಿ ನೂರಕ್ಕೆ 82 ಭಾಗ ಹೀಲಿಯಂ ಇತ್ತು. ಆದರೂ ಆ ಆಳದಲ್ಲಿ ಒಂದು ಲೀಟರ್ ಸುಮಾರು 10 ಗ್ರಾಂ ತೂಗುತ್ತಿತ್ತು, ನೆಲದ ಮೇಲಿನ ಗಾಳಿಯ ಎಂಟು ಪಟ್ಟು. ಗಂಜಿಯನ್ನು ಸಣ್ಣ ಸ್ಟ್ರಾದಲ್ಲಿ ಹೀರಿದ ಹಾಗೆ. ಕೆಲಸ ಜೋರಾದಷ್ಟೂ ಇಂಗಾಲದ ಡೈಆಕ್ಸೈಡ್ ಹೆಚ್ಚು ಹುಟ್ಟುತ್ತದೆ, ಅದನ್ನು ಹೊರಹಾಕಲು ಎಳೆಯುವ ಉಸಿರೇ ಇನ್ನಷ್ಟು ಹುಟ್ಟಿಸುತ್ತದೆ. ಇಲ್ಲಿ ಸೋಡಾ ಲೈಮ್ ಎಷ್ಟು ಒಳ್ಳೆಯದಿದ್ದರೇನು, ಎದೆಗೂಡು ಅನಿಲವನ್ನು ಅಲ್ಲಿಯವರೆಗೆ ತಳ್ಳಿದರೆ ತಾನೆ!

ಒಂದೇ ಗವಿ, ಒಂದೇ ದಿನ. ನಿಯಂತ್ರಕ ಒಡೆದವನು ಬದುಕಿ ಬಂದ, ಉಸಿರು ಸೋತವನು ಉಳಿದುಹೋದ. ರೀಬ್ರೀದರ್ ಕೊಳ್ಳಲು ಹೊರಟವರು ಪರದೆಯ ಬಣ್ಣ ನೋಡುತ್ತಾರೆ, ತಯಾರಕರು ಬರೆದ ಗರಿಷ್ಠ ಆಳ ನೋಡುತ್ತಾರೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದು ಶರ್ಲಿಗೆ ಎದುರಾದ ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಸತ್ತ ಮೇಲೆ ಇದು ಉಸಿರು ಕೊಡುತ್ತದೆಯೇ? ಆಮ್ಲಜನಕ ಸೇರಿಸುವ ಗುಂಡಿ ದಪ್ಪ ಕೈಗವಸು ಹಾಕಿದ ಬೆರಳಿಗೆ, ಕಣ್ಣು ಮುಚ್ಚಿಕೊಂಡರೂ ಸಿಗುತ್ತದೆಯೇ? ಸೆನ್ಸರ್ ಓದಲು ಮುಖ್ಯ ನಿಯಂತ್ರಕಕ್ಕೆ ಸಂಬಂಧವೇ ಇಲ್ಲದ, ಬೇರೆ ಬ್ಯಾಟರಿಯ ಇನ್ನೊಂದು ಮಾಪಕ ಇದೆಯೇ? ಇಲ್ಲವೆಂದರೆ ಉಳಿದ ಗುಣಗಾನ ಕೇಳುವ ಅಗತ್ಯವಿಲ್ಲ.

ಎರಡನೆಯದು ಶಾನ ಪ್ರಶ್ನೆ, ಅಂಗಡಿಯಲ್ಲಿ ಉತ್ತರ ಸಿಗದಂಥದು. ಉಸಿರು ಎಳೆಯಲು ಎಷ್ಟು ಶ್ರಮ? ಉಸಿರಿನ ಚೀಲ ಬೆನ್ನಿಗಿದೆಯೋ, ಭುಜ ದಾಟಿ ಎದೆಗಿದೆಯೋ ಎಂಬುದರ ಮೇಲೆ ಈಜುವ ಭಂಗಿಯಲ್ಲಿ ನೀರಿನ ಒತ್ತಡ ಎದೆಯ ಮೇಲೆ ಬೇರೆ ಬೇರೆ ರೀತಿ ಬೀಳುತ್ತದೆ. ಕೊಳವೆಯ ಅಗಲ, ವಾಲ್ವಿನ ಬಿಗಿ, ಹರಳಿನ ಡಬ್ಬಿಯ ವಿನ್ಯಾಸ, ಎಲ್ಲಕ್ಕೂ ಬೆಲೆಯಿದೆ. ಸ್ವತಂತ್ರ ಪ್ರಯೋಗಾಲಯದ ಅಂಕಿಗಳನ್ನು ಕೇಳಿ ಪಡೆಯಬೇಕು. ಡಬ್ಬಿ ಎಷ್ಟು ಗಂಟೆ ಬರುತ್ತದೆ ಎಂಬ ಅಂಕಿಯ ಪಕ್ಕದಲ್ಲಿ ನೀರು ಎಷ್ಟು ತಣ್ಣಗಿತ್ತು, ಆಳ ಎಷ್ಟಿತ್ತು ಎಂದು ಬರೆಯದಿದ್ದರೆ ಅದು ಬರೀ ಜಾಹೀರಾತು. ಆಮೇಲೆ ಅನಿಲದ ತೂಕ. ಲೀಟರಿಗೆ 5.2 ಗ್ರಾಂ ಒಳಗಿರಲಿ, 6.2 ದಾಟದಿರಲಿ ಎಂಬುದು ಇಂದು ಡೈವರ್‌ಗಳು ಇಟ್ಟುಕೊಂಡಿರುವ ಗಡಿ. ಶಾ ಇದ್ದದ್ದು ಅದರ ಎಷ್ಟೋ ಆಚೆ. 2023ರ ಫೆಬ್ರವರಿಯಲ್ಲಿ ಡೈವರ್ ರಿಚರ್ಡ್ ಹ್ಯಾರಿಸ್ ನ್ಯೂಜಿಲೆಂಡಿನ ಪಿಯರ್ಸ್ ಗವಿಯಲ್ಲಿ 230 ಮೀಟರಿಗೆ ಹೈಡ್ರೋಜನ್ ಉಸಿರಾಡುತ್ತ ಇಳಿದದ್ದು ಹುಚ್ಚಿಗಲ್ಲ, ಹೀಲಿಯಂಗಿಂತ ಹಗುರವಾದದ್ದು ಅದೊಂದೇ.

ಇನ್ನು ಬೇಲ್‌ಔಟ್. ಯಂತ್ರ ಕೈಕೊಟ್ಟರೆ ತೆರೆದ ಸಿಲಿಂಡರ್ ಕಚ್ಚಬೇಕು, ನಾಲ್ಕು ನಿಮಿಷದ ಲೆಕ್ಕ ಮತ್ತೆ ಎದುರಿಗೆ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಏರಿ ಏದುಸಿರು ಬಂದವನಿಗೆ ನಾಲ್ಕೂ ಸಿಗುವುದಿಲ್ಲ. ಬಾಯಿಯ ಕೊಳವೆ ತೆಗೆಯುವ ಧೈರ್ಯವೇ ಅವನಿಗೆ ಉಳಿದಿರುವುದಿಲ್ಲ. ಅದಕ್ಕೇ ಬಾಯಲ್ಲಿರುವ ಕೊಳವೆಯಲ್ಲೇ ಲಿವರ್ ತಿರುಗಿಸಿ ಸಿಲಿಂಡರಿಗೆ ಬದಲಾಗುವ ಬೇಲ್‌ಔಟ್ ವಾಲ್ವ್ ಬೇಕೆನ್ನುವವರಿದ್ದಾರೆ. ತೀರ ಆಳಕ್ಕೆ ಹೋಗುವವರು ಈಗ ಎರಡು ರೀಬ್ರೀದರ್ ಹೊರುತ್ತಾರೆ. ಒಂದರ ದುಡ್ಡಿಗೇ ಕೈ ನಡುಗುವವರು ಆ ಆಳಕ್ಕೆ ಹೋಗದಿರುವುದೇ ವಾಸಿ.

2005ರ ಜನವರಿ 12ರಂದು, ಬೂಸ್ಮನ್ಸ್‌ಗಾಟ್‌ನಲ್ಲಿ ಉಳಿದ ಹಗ್ಗ ಮತ್ತು ಸಲಕರಣೆ ತೆಗೆಯಲು ನೀರಿಗಿಳಿದ ಪೊಲೀಸ್ ಡೈವರ್‌ಗಳಿಗೆ ಮೇಲ್ಭಾಗದಲ್ಲೇ ಶಾ ಸಿಕ್ಕಿದ. ಎಳೆದ ಹಗ್ಗ ಅವನನ್ನು ತಳದಿಂದ ಬಿಡಿಸಿ ಮೇಲೆ ತಂದಿತ್ತು. ಅದೇ ತೊಡರಿನಲ್ಲಿ ಡಿಯಾನ್ ಡ್ರೇಯರ್ ಕೂಡ ನೇತಾಡುತ್ತಿದ್ದ. ಹೆತ್ತವರಿಗೆ ಮಗ ಸಿಕ್ಕಿದ.

ಶರ್ಲಿಯ ಸಮತೋಲನ ಪೂರ್ತಿ ಮರಳಲಿಲ್ಲ. ಚಿಕಿತ್ಸೆ ಮುಗಿಸಿಕೊಂಡು ಮತ್ತೆ ಆಳಕ್ಕೆ ಇಳಿದ, ರೀಬ್ರೀದರ್ ಹೊತ್ತುಕೊಂಡೇ.